ಹುಡುಗಿ ಓದಿದ ಮೇಲೆ

ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರೂ ಉತ್ತರಿಸುವ ಮೊದಲು ಒಂದು ಕ್ಷಣ ಯೋಚಿಸುವವಳು ನಾನು. ಅಂಥವಳಿಗೆ ಸಿಕ್ಕ ಮೊದಲ ಕೆಲಸವೆಂದರೆ ಸುತ್ತಲಿನ ತಾಲೂಕುಗಳ ಹೆಣ್ಣುಮಕ್ಕಳ ವಯಸ್ಸು, ಎತ್ತರ, ನಕ್ಷತ್ರ, ಮೈಬಣ್ಣಗಳನ್ನು ಜಗತ್ತಿಗೆಲ್ಲ ಕಾಣುವಂತೆ ಹಾಕುವುದು.

ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ ನಾನು ಗೋಕಾಕಿಗೆ ಮರಳುವ ಹೊತ್ತಿಗೆ ನಮ್ಮ ಕಾಕಾ ಜೈನ ಸಮಾಜದ ವಧು-ವರರಿಗಾಗಿ ಒಂದು ವೆಬ್‌ಸೈಟ್ ತೆರೆದು ಮೂರು ವರ್ಷವಾಗಿತ್ತು. ಅವರದು ಬಟ್ಟೆ ಅಂಗಡಿ. ಮದುವೆ ಜವಳಿಗೆ ಬಂದವರು ಮುಂದಿನ ಮಗಳಿಗೊಂದು ಸಂಬಂಧ ವಿಚಾರಿಸದೆ ಎದ್ದು ಹೋಗುತ್ತಿರಲಿಲ್ಲ. ಎರಡನ್ನೂ ಒಂದೇ ಸೂರಿನಡಿ ತಂದರೆ ಹೇಗೆ ಎಂದು ಕಾಕಾಗೆ ಹೊಳೆದದ್ದು ಸಹಜವೇ. ಅಂಗಡಿಯ ಹಿಂದೆ, ಸೀರೆ ಗಂಟುಗಳ ನಡುವೆ, ಒಂದು ಕಂಪ್ಯೂಟರು. ಅದು ಇಂಟರ್‌ನೆಟ್ಟಿಗೆ ಹತ್ತಿದರೆ ಅಂಗಡಿಯ ಫೋನು ಮೂಕವಾಗುತ್ತಿತ್ತು. ಕರೆಂಟು ಹೋದರೆ ಎರಡೂ ಇಲ್ಲ. ಅಲ್ಲಿಗೆ ನಾನು ಸಂಪಾದಕಿ.

ಬರುತ್ತಿದ್ದ ಬಯೋಡಾಟಾಗಳೆಲ್ಲ ಒಂದೇ ಅಚ್ಚಿನವು. ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಗೋಧಿವರ್ಣದವಳಲ್ಲದ ಹುಡುಗಿ ಹುಟ್ಟಿಯೇ ಇಲ್ಲ. ಎಲ್ಲರೂ ಸುಶೀಲೆಯರು, ಎಲ್ಲರೂ ಗೃಹಕೃತ್ಯದಕ್ಷರು. ಹುಡುಗರಿಗೆ ಹೊಲವಿರುತ್ತಿತ್ತು, ಗುಣ ಬೇಕಾಗುತ್ತಿರಲಿಲ್ಲ. ಓದುತ್ತ ಓದುತ್ತ ನನಗೆ ವೀರಗಲ್ಲುಗಳ ನೆನಪಾಗುತ್ತಿತ್ತು. ಸತ್ತವನು ಯಾರೇ ಇರಲಿ, ಅಪ್ಸರೆಯರು ಅದೇ ಭಂಗಿಯಲ್ಲಿ ಅವನನ್ನು ಸ್ವರ್ಗಕ್ಕೆ ಒಯ್ಯುತ್ತಾರೆ. ಬದುಕಿದ್ದಾಗ ಅವನು ಹೇಗೆ ನಗುತ್ತಿದ್ದ, ಯಾವುದಕ್ಕೆ ಸಿಟ್ಟಾಗುತ್ತಿದ್ದ ಎಂಬುದು ಕಲ್ಲು ಕೆತ್ತಿದವನಿಗೆ ಬೇಕಿಲ್ಲ. ಇರಲಿ, ಆ ವೀರನ ಜೊತೆ ಯಾರೂ ಸಂಸಾರ ಮಾಡಬೇಕಾಗಿರಲಿಲ್ಲ.

ನಾನು ಮೊದಲು ವಿಶೇಷಣಗಳನ್ನು ಕಿತ್ತೆ. ಆಮೇಲೆ ಹಳೆಯ ಪುಟಗಳಿಗೆ ಕೈಹಾಕಿದೆ. ಪತ್ರಿಕೆಯಾದರೆ ಮರುದಿನ ರದ್ದಿಗೆ ಹೋಗುತ್ತದೆ. ವೆಬ್‌ಸೈಟಿನ ಬರಹಕ್ಕೆ ಆ ಭಾಗ್ಯವಿಲ್ಲ. ಯಾರೋ ತೆಗೆಯುವವರೆಗೂ ಅದು ಇವತ್ತೇ ಬರೆದಂತೆ ನಿಂತಿರುತ್ತದೆ. ಮೂಡಲಗಿಯ ಒಬ್ಬಳಿಗೆ ಮದುವೆಯಾಗಿ ಮಗುವಾದರೂ ವರನ ಕಡೆಯವರ ಫೋನು ನಿಂತಿರಲಿಲ್ಲ. ಒಂದು ಸಲ ಗಂಡನೇ ಎತ್ತಿ, "ತಡಾ ಮಾಡಿದ್ರಿ. ಆಕಿಗೆ ನಾ ಸಿಕ್ಕು ಎರಡ ವರ್ಷಾತ್ರಿ" ಅಂದನಂತೆ. ಮದುವೆ ಗೊತ್ತಾದ ದಿನವೇ ಪುಟ ತೆಗೆಯುವುದು ನಮ್ಮ ಎರಡನೆಯ ನಿಯಮವಾಯಿತು.

ಇಲ್ಲಿಯವರೆಗೆ ಕಾಕಾ ಸುಮ್ಮನಿದ್ದರು. ಗದ್ದಲವಾದದ್ದು ಮೂರನೆಯದಕ್ಕೆ: ಯಾರ ಬಗ್ಗೆ ಬರೆದಿದೆಯೋ ಅವರೇ ಓದಿ ಒಪ್ಪದೆ ಏನನ್ನೂ ಹಾಕುವುದಿಲ್ಲ.

"ಹುಡುಗೀನ್ನ ಕೇಳಿ ಬಯೋಡಾಟಾ ಯಾರ ಮಾಡ್ತಾರವಾ?" ಎಂದರು ಕಾಕಾ.

"ಹೊಲಾ ಮಾರಾಕೂ ಸಹಿ ಕೇಳ್ತಾರಲ್ರಿ ಕಾಕಾ."

"ಎಂ.ಎ. ಓದಿಸಿದ್ದು ನಂದ ತಪ್ಪು," ಎಂದು ಅವರು ಗಲ್ಲಾಪೆಟ್ಟಿಗೆಯ ಮುಂದೆ ಹೋಗಿ ಕೂತರು.

ಬೆಲ್ಲದ ಬಾಗೇವಾಡಿಯ ಭರಮಣ್ಣ ಎಂಬ ರೈತರು ಮಗಳ ಬಯೋಡಾಟಾ ತಂದಾಗ, ಮಗಳನ್ನೂ ಕರೆತನ್ನಿ ಎಂದೆ. "ಆಕಿ ಯಾಕ? ಅಪ್ಪ ನಾ ಅದೀನಲ್ಲ," ಎಂದು ಹಾಳೆ ಮಡಚಿಕೊಂಡು ಹೊರಟೇಬಿಟ್ಟರು. ಅವರ ಹಿಂದೆ ಕೊಣ್ಣೂರಿನ ಎರಡು ಮನೆತನದವರೂ ಹೋದರು. ಕಾಕಾ ಹೇಳಿದ್ದು ಸ್ಪಷ್ಟವಾಗಿತ್ತು: "ಹಿಂಗ ಮಂದಿ ಹೊಳ್ಳಿ ಹೋದ್ರ ದೀಪಾವಳಿಗೆ ಬಂದ್ ಮಾಡೂದ. ನಿನ್ನ ರೂಲ್ ಬೇಕೋ, ವೆಬ್‌ಸೈಟ್ ಬೇಕೋ ನೋಡು."

ನಾನು ವಾದ ಮಾಡಲಿಲ್ಲ, ನಿಯಮವನ್ನೂ ಬಿಡಲಿಲ್ಲ. ಮಾತು ಬಾರದವರಿಗೆ ಹಟ ಒಂದು ದೊಡ್ಡ ಆಸರೆ.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಭರಮಣ್ಣ ಮತ್ತೆ ಬಂದರು, ಜೊತೆಗೆ ಮಗಳು ತ್ರಿಶಲಾ. ಅರಭಾವಿಯಲ್ಲಿ ತೋಟಗಾರಿಕೆ ಓದಿದವಳು; ನಮ್ಮ ನಿಯಮದ ಸುದ್ದಿ ಕೇಳಿ ಅಪ್ಪನನ್ನು ಹೊರಡಿಸಿಕೊಂಡು ಬಂದವಳೇ ಅವಳು. ನಾನು ಹಾಳೆಯಲ್ಲಿದ್ದದ್ದನ್ನು ಇದ್ದಂತೆಯೇ ಟೈಪು ಮಾಡಿ, ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದೆ. ಅಪ್ಪ ಬರೆದುಕೊಟ್ಟದ್ದನ್ನು ಅವಳು ಪೂರ್ತಿ ಓದಿದಳು.

"ಅಡಿಗಿಯೊಳಗ ನಿಪುಣಿ ಅಂತೈತಲ್ರಿ, ಅದನ್ನ ತೆಗೀರಿ."

"ಯಾಕ? ರೊಟ್ಟಿ ಬಡೀತಿಯಲ್ಲ?" ಎಂದರು ಭರಮಣ್ಣ.

"ತಿನ್ನಾವ್ರು ನೀವ ಅದೀರಿ ಅಪ್ಪಾ. ಖರೆ ಹೇಳ್ರಿ."

ಭರಮಣ್ಣ ನನ್ನ ಕಡೆ ತಿರುಗಿ, "ತೆಗೀರಿ," ಎಂದರು.

ತೆಗೆದ ಜಾಗದಲ್ಲಿ ಅವಳು ಹೇಳಿದಂತೆ ಬರೆದೆ: ಮಾವಿಗೆ ಕಸಿ ಕಟ್ಟಲು ಬರುತ್ತದೆ, ಮದುವೆಯ ನಂತರವೂ ಸಸಿಗಳ ಕೆಲಸ ಬಿಡುವುದಿಲ್ಲ. "ಇದನ್ನ ಓದಿ ಯಾರ ಬರ್ತಾರ?" ಎಂದು ಭರಮಣ್ಣ ಗೊಣಗಿದರು. "ಬರಲಾರದವ್ರು ಮನೀತನಕ ಬಂದು ಅವಲಕ್ಕಿ ತಿಂದು ಹೋಗೂದರ ತಪ್ತೈತಲ್ರಿ," ಎಂದಳು ತ್ರಿಶಲಾ. ಸಂಪಾದನೆಯ ತತ್ತ್ವವನ್ನು ಇಷ್ಟು ಚೊಕ್ಕವಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮರುವಾರ ಕಾಕಾ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ನನ್ನನ್ನು ಕರೆದರು. "ಮೂಡಲಗಿಯಿಂದ ಒಬ್ಬ ಹುಡುಗ. ಹುಡುಗಿ ಎತ್ತರಾ ಕೇಳವಲ್ಲ, ಹಳೀ ಗಿಡಕ್ಕೂ ಕಸಿ ಕಟ್ಟಾಕ ಬರ್ತೈತೇನ ಅಂತಾನ. ಏನ್ ಹೇಳ್ಲಿ?"

ಆ ಸಂಬಂಧ ಕೂಡಿತೋ ಇಲ್ಲವೋ ಎಂಬುದು ಅವರಿಬ್ಬರ ಖಾಸಗಿ ವಿಷಯ. ಪುಟ ತೆಗೆದೆ ಎಂದಷ್ಟೇ ಹೇಳಬಲ್ಲೆ. ಅದಾದ ಮೇಲೆ ಕಾಕಾ ಜವಳಿ ಹರವುತ್ತಲೇ ಗಿರಾಕಿಗಳಿಗೆ, "ಹುಡುಗೀನ್ನ ಕರಕೊಂಡ ಬರ್ರಿ, ನಮ್ಮಲ್ಲಿ ಹಂಗ ರೂಲ್ ಐತಿ" ಎನ್ನತೊಡಗಿದರು, ತಾವೇ ಮಾಡಿದ ನಿಯಮವೆಂಬಂತೆ. ಕೊಣ್ಣೂರಿನವರೂ ಬಂದರು. ದೀಪಾವಳಿಗೆ ಯಾವುದೂ ಬಂದ್ ಆಗಲಿಲ್ಲ.

ದೀಪಾವಳಿಯ ಮರುದಿನ ನನ್ನ ಮೇಜಿನ ಮೇಲೆ ಕಾಕಾನ ಅಕ್ಷರದಲ್ಲಿ ಒಂದು ಹೊಸ ಬಯೋಡಾಟಾ ಇತ್ತು. ಹುಡುಗಿ ಎಂ.ಎ., ಗೋಧಿವರ್ಣ, ಸುಶೀಲೆ, ಮಿತಭಾಷಿ, ಗೃಹಕೃತ್ಯದಕ್ಷೆ. ಹೆಸರು ನನ್ನದು. ಕೆಂಪು ಪೆನ್ನು ತೆಗೆದುಕೊಂಡು ಕೂತೆ. ನಿಯಮದಂತೆ ಹೊಡೆದುಹಾಕುತ್ತ ಹೋದಾಗ ಉಳಿದದ್ದು ಎಂ.ಎ. ಮತ್ತು ಮಿತಭಾಷಿ. ಊರ ಹುಡುಗಿಯರಿಗಾಗಿ ಮಾಡಿದ್ದೇನೆ ಎಂದುಕೊಂಡಿದ್ದ ನಿಯಮದ ನೆರಳಿನಲ್ಲಿ ಮೊದಲಿನಿಂದಲೂ ನಾನೂ ನಿಂತಿದ್ದೆ ಎಂಬುದು ಆಗ ಗೊತ್ತಾಯಿತು.

ಸಂಜೆ ಕಾಕಾ ಬಂದು ಬಾಗಿಲಲ್ಲಿ ನಿಂತರು. "ಹುಡುಗಿ ಓದಿದ್ಲೇನವಾ?"

"ಓದಿದ್ಲ್ರಿ ಕಾಕಾ."

"ಏನಂದ್ಲು?"

"ಇನ್ನೂ ಬರಿಯೂದೈತಿ ಅಂದ್ಲು. ಟೈಮ್ ಹಿಡೀತೈತಂತ."

ಕಾಕಾ ಹಾಳೆಯನ್ನೆತ್ತಿ ಕೆಂಪು ಗೆರೆಗಳನ್ನು ಒಂದೊಂದಾಗಿ ನೋಡಿದರು. ಕಿಸೆಗೆ ಹಾಕಿಕೊಳ್ಳುವರೇನೋ ಎಂದುಕೊಂಡೆ. ಅವರು ಅದನ್ನು ನೀಟಾಗಿ ಮಡಚಿ, ಮತ್ತೆ ನನ್ನ ಮೇಜಿನ ಮೇಲೆಯೇ ಇಟ್ಟು, ಅಂಗಡಿಯ ದೀಪ ಹಚ್ಚಲು ಹೋದರು.