ಅಮ್ಮನ ಪೂರ್ತಿ ಹೆಸರು

ಯಾರೆಲಿ ಅನ್ನುವ ಹುಡುಗಿಯ ಬಾಯಿ ಬಿಡಿಸಿದವಳು ನಾನೇ. ಯಾರನ್ನಾದರೂ ಬೈಯಬೇಕು ಅನ್ನಿಸಿದರೆ ಮೊದಲು ನನ್ನನ್ನೇ ಬೈಯಿರಿ.

ಫ್ರೆಸ್ನೊ ಕಡೆಯ ನಮ್ಮ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಪ್ರತಿ ಶನಿವಾರ ನಾಯಕತ್ವದ ತರಬೇತಿ ಕೊಡುತ್ತೇನೆ. ಬರುವವರೆಲ್ಲ ನಮ್ಮವರೇ, ಮೆಕ್ಸಿಕೊದಿಂದ ಗಡಿ ದಾಟಿ ಬಂದು ಹಣ್ಣಿನ ತೋಟಗಳಲ್ಲಿ ದುಡಿಯುವವರ ಮಕ್ಕಳು. ಹತ್ತು ವರ್ಷಕ್ಕೇ ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ಅಪ್ಪ ಅಮ್ಮನ ಪರವಾಗಿ ಇಂಗ್ಲಿಷಿನಲ್ಲಿ ವಾದಿಸಿದವರು. ತಮ್ಮ ಪರವಾಗಿ ಒಂದು ಮಾತಾಡಿ ಅಂದರೆ ಮಾತ್ರ ನೆಲ ನೋಡುತ್ತಾರೆ. ಯಾರೆಲಿಯಂತೂ ಕುರ್ಚಿ ಎಳೆದುಕೊಳ್ಳುವುದಕ್ಕೂ ಅಪ್ಪಣೆ ಕೇಳುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

‘ಏನೇ, ಉಸಿರಾಡೋಕೂ ನನ್ನ ಕೇಳ್ತೀಯಾ?’ ಎಂದು ರೇಗಿಸಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ತನಕ ಬಿಡಲಿಲ್ಲ. ಮೇ ತಿಂಗಳ ಹೊತ್ತಿಗೆ ಹುಡುಗಿ ಪಟಪಟನೆ ಮಾತಾಡತೊಡಗಿದಳು. ಅವಳ ನರ್ಸಿಂಗ್ ಓದು ಮುಗಿಯಲು ಇನ್ನೊಂದೇ ವರ್ಷ ಬಾಕಿಯಿತ್ತು.

ಅವಳ ಅಮ್ಮ ಎದುವಿಹೆಸ್ ಪೀಚ್ ಹಣ್ಣು ಆರಿಸಿ ಡಬ್ಬಿಗೆ ತುಂಬುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಈ ದೇಶದಲ್ಲಿ ಕೆಲಸ ಮಾಡಲು ಅವಳ ಹೆಸರಿನಲ್ಲಿ ಕಾಗದಪತ್ರವಿರಲಿಲ್ಲ. ತೀರಿಕೊಂಡ ಅಕ್ಕ ಒಫೇಲಿಯಾಳ ಕಾಗದ ತೋರಿಸಿ ಸೇರಿಕೊಂಡಿದ್ದಳು. ಹದಿನೇಳು ವರ್ಷದಿಂದ ಶೆಡ್ಡಿನಲ್ಲಿ ಒಫೇಲಿಯಾ, ಮನೆಯಲ್ಲಿ ಎದುವಿಹೆಸ್. ಮನೆ, ಮಗಳ ಓದು ಎಲ್ಲ ಆ ಕೆಲಸದ ಮೇಲೇ ನಿಂತಿತ್ತು. ಇದು ನನಗೂ ಗೊತ್ತಿತ್ತು. ನಮ್ಮಲ್ಲಿ ಇಂಥದ್ದು ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಾಯಿಬಿಡುವುದಿಲ್ಲ.

ಕೊನೆಯ ದಿನ ಪ್ರತಿ ಹುಡುಗಿಯೂ ಮನೆಯವರೆದುರು ತನ್ನ ಕಥೆ ಹೇಳಬೇಕು. ನಮ್ಮ ಅಮ್ಮಂದಿರ ಹೆಸರು ಎಲ್ಲೂ ಕೇಳುವುದಿಲ್ಲ, ಅದಕ್ಕೇ ತಂದೆ ತಾಯಿ ಎರಡೂ ಕಡೆಯ ಮನೆತನದ ಹೆಸರು ಸೇರಿಸಿ ಅಮ್ಮನ ಪೂರ್ತಿ ಹೆಸರು ಹೇಳಿಯೇ ಮುಗಿಸಿ ಎಂದು ಪಾಠ ಮಾಡಿದ್ದೆ. ಅವತ್ತು ಊಟ ಹಾಕಿಸಿದ್ದು ಅದೇ ಶೆಡ್ಡಿನ ಯಜಮಾನ. ಬಂದವನೇ ‘ಏನಮ್ಮಾ ಒಫೇಲಿಯಾ, ಮಗಳು ಇಷ್ಟು ದೊಡ್ಡೋಳಾದ್ಲಾ?’ ಎಂದು ಯಾರೆಲಿಯ ಅಮ್ಮನ ಕೈಕುಲುಕಿ, ಅವಳ ಪಕ್ಕದಲ್ಲೇ ಕೂತ. ಆಗಲೇ ನಾನು ಓಡಿಹೋಗಿ ಹುಡುಗಿಯ ಕಿವಿಯಲ್ಲಿ ಅಮ್ಮನ ಹೆಸರು ಬೇಡ ಎಂದು ಹೇಳಬೇಕಿತ್ತು. ತಮಾಲೆ ಕಡುಬು ಆರಿಹೋಯಿತೋ ಏನೋ ಅಂತ ಪಾತ್ರೆ ಮುಚ್ಚಳ ತೆಗೆದು ನೋಡುತ್ತಿದ್ದೆ, ಹಾಳಾದವಳು.

ಯಾರೆಲಿ ನೆಲ ನೋಡಲಿಲ್ಲ. ಪೀಚಿನ ಸಿಪ್ಪೆಯ ಮೇಲಿನ ಸುಂಕಿಗೆ ಕೆಂಪಾಗುವ ಅಮ್ಮನ ಕುತ್ತಿಗೆಯ ಬಗ್ಗೆ, ಬಾಗದ ಬೆರಳುಗಳ ಬಗ್ಗೆ ಹೇಳಿದಳು. ಆಮೇಲೆ ಅಮ್ಮನತ್ತ ಕೈಚಾಚಿದಳು.

‘ಇವಳು ನನ್ನಮ್ಮ. ಎದುವಿಹೆಸ್ ಬಾರಾಗಾನ್ ಸೆಹಾ.’

ಹೇಳಿದ ಮರುಕ್ಷಣ ಅವಳಿಗೇ ಗೊತ್ತಾಯಿತು. ಮುಖ ಬಿಳಿಚಿಕೊಂಡಿತು. ಯಜಮಾನ ಎಲ್ಲರ ಜೊತೆ ಎದ್ದು ನಿಂತು ಚಪ್ಪಾಳೆ ತಟ್ಟಿದ. ಸೋಮವಾರ ಶೆಡ್ಡಿನ ಆಫೀಸಿನವರು ಅವಳಮ್ಮನನ್ನು ಕರೆಸಿ, ನಿನ್ನ ಹೆಸರಿನ ಕಾಗದ ತಂದು ತೋರಿಸು ಅಂದರು. ಎದುವಿಹೆಸ್ ಏಪ್ರನ್ ಮಡಚಿಟ್ಟು ಮನೆಗೆ ಬಂದಳು.

ಕ್ಷಮೆ ಕೇಳಲು ಹೋದರೆ ಆಕೆ ನನಗೇ ಕಾಫಿ ಕೊಟ್ಟಳು. ‘ಅವಳ್ನ ಏನೂ ಅನ್ಬೇಡಿ. ಊರು ಬಿಟ್ಮೇಲೆ ನನ್ನ ಪೂರ್ತಿ ಹೆಸರು ಯಾರ ಬಾಯಲ್ಲೂ ಕೇಳಿರ್ಲಿಲ್ಲ’ ಎಂದಳು. ಯಾರೆಲಿ ಕೋಣೆಯಿಂದ ಹೊರಗೆ ಬರಲಿಲ್ಲ.

ಆಗಸ್ಟಿನಲ್ಲಿ ಕಾಲೇಜಿನ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಫೋನ್ ಮಾಡಿದೆ. ಹಿಂದೆ ಯಂತ್ರಗಳ ಸದ್ದು.

‘ಶೆಡ್ಡಲ್ಲಿದೀನಿ ಟೀಚರ್. ಅಮ್ಮನ ಜಾಗಕ್ಕೇ ತಗೊಂಡ್ರು. ನಾನು ಇಲ್ಲೇ ಹುಟ್ಟಿದೋಳಲ್ವಾ, ಕಾಗದ ಎಲ್ಲಾ ಸರಿ ಇದೆ. ನನ್ನನ್ನ ನನ್ನ ಹೆಸರಿಂದ್ಲೇ ಕರೀತಾರೆ.’

ಆಮೇಲೆ, ಫೋನ್ ಇಡಬಹುದಾ ಎಂದು ಕೇಳಿದಳು. ನಾನು ಹೂಂ ಅನ್ನುವ ತನಕ ಕಾದಳು.