ಇಸ್ತ್ರಿಯಾದ ಸಮುದ್ರ

ಮಡಿಕೆಯ ಗೆರೆ ಅಡಿಕೋಲಿಟ್ಟು ಎಳೆದಷ್ಟು ನೇರವಾಗಿತ್ತು. ಎರಡು ಬೆಡ್‌ಶೀಟುಗಳ ನಡುವೆ ಅವುಗಳಷ್ಟೇ ಚಪ್ಪಟೆಯಾಗಿ, ಇನ್ನೂ ಬೆಚ್ಚಗೆ ಇದ್ದ ಆ ಬಟ್ಟೆಯ ನಾಲ್ಕು ಮೂಲೆಗಳೂ ಒಂದೆಳೆಯಷ್ಟೂ ತಪ್ಪದೆ ಒಂದರ ಮೇಲೊಂದು ಕೂತಿದ್ದವು. ಅಂಥ ಶ್ರದ್ಧೆಯ ಕೆಲಸವನ್ನು ಕಂಡು ನಾನು ಕಿರುಚಬೇಕಿತ್ತು. ಕಿರುಚುವ ಅಭ್ಯಾಸವಿಲ್ಲದ್ದರಿಂದ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದೆ.

ಅದು ಬೆಡ್‌ಶೀಟಲ್ಲ, ಸಮುದ್ರತೀರ. ಅಜ್ಜಿಯ ಹಳೆಯ ನೂಲಿನ ಸೀರೆಗಳನ್ನು ಕತ್ತರಿಸಿ ಜೋಡಿಸಿ, ಹಿಂಬದಿಯಿಂದ ದಾರ ಹಾಯಿಸಿ ಎಳೆದು, ಸಾಲುಸಾಲಾಗಿ ನೆರಿಗೆ ಎಬ್ಬಿಸಿ ಮಾಡಿದ ಅಲೆಗಳು. ಕೆಳಗೆ ಗೋಣಿಯ ಎಳೆಗಳ ಮರಳು. ನಡುವೆ ನೊರೆಗೆಂದು ತೆಳು ಬಿಳಿ ಪಂಚೆಯ ಚಿಂದಿ. ಎರಡೂವರೆ ತಿಂಗಳ ಕೆಲಸ. ಶನಿವಾರ ಅದು ಒಂದು ಕಲಾಪ್ರದರ್ಶನದ ಗೋಡೆಯಲ್ಲಿ, ನನ್ನ ಮೊತ್ತಮೊದಲ ಪ್ರದರ್ಶನದಲ್ಲಿ, ತೂಗಬೇಕಿತ್ತು. ಅಂದು ಬುಧವಾರ.

ನಮ್ಮ ಬಸವೇಶ್ವರನಗರದ ಬೀದಿಗೆ ಸುಕ್ಕೆಂದರೆ ಆಗದು, ಗೊತ್ತೆ? ಹೊಂಗೆಮರದ ಕೆಳಗೆ ಮುನಿಯಣ್ಣನ ಇಸ್ತ್ರಿಗಾಡಿ ನಿಂತಿರುವವರೆಗೆ ಇಲ್ಲಿ ದಿಂಬಿನ ಚೀಲಕ್ಕೂ ಇಸ್ತ್ರಿ, ಕರವಸ್ತ್ರಕ್ಕೂ ಇಸ್ತ್ರಿ. ಎದುರುಮನೆಯ ನಿವೃತ್ತರಂತೂ ನಾಯಿಯನ್ನು ತಿರುಗಾಡಿಸಲು ಹೊರಡುವಾಗಲೂ ಗರಿಗರಿಯಾಗಿಯೇ ಹೊರಡುತ್ತಾರೆ. ರಸ್ತೆ ಗುಂಡಿ ಬಿದ್ದಿರಬಹುದು, ಚರಂಡಿ ಬಾಯ್ದೆರೆದಿರಬಹುದು. ಅದರ ಪಕ್ಕ ಹಾದುಹೋಗುವ ಪ್ಯಾಂಟಿನ ಗೆರೆ ಮಾತ್ರ ಮುರಿಯಬಾರದು. ಲೋಕವನ್ನು ಸರಿಪಡಿಸಲಾಗದವರು ಅಂಗಿಯನ್ನು ಸರಿಪಡಿಸಿಕೊಳ್ಳುತ್ತಾರೆ ಎಂದು ಅಂದು ನನಗನ್ನಿಸಿತು. ಕೋಪ ಬಂದಾಗ ನಾನು ಹೀಗೆ ತತ್ತ್ವಜ್ಞಾನಿಯಾಗುತ್ತೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ.

ಸಮುದ್ರವನ್ನು ನಾನು ಕಂಡದ್ದು ಒಂದೇ ಸಲ, ಕಾಲೇಜಿನ ಪ್ರವಾಸದಲ್ಲಿ, ಅಂಕೋಲೆಯ ಕಡೆ. ಗೆಳತಿಯರೆಲ್ಲ ಸೂರ್ಯಾಸ್ತದ ಫೋಟೋ ತೆಗೆಯುತ್ತಿದ್ದಾಗ ನಾನು ನನ್ನ ಪಾದಗಳನ್ನೇ ನೋಡುತ್ತಿದ್ದೆ. ಹಿಂದಕ್ಕೆ ಸರಿಯುವ ನೀರು ಹಿಮ್ಮಡಿಯ ಕೆಳಗಿನ ಮರಳನ್ನು ಸದ್ದಿಲ್ಲದೆ ಎಳೆದುಕೊಂಡು ಹೋಗುತ್ತಿತ್ತು. ನಿಂತಲ್ಲೇ ನಿಂತು ಜಾರುವ ಆ ಅನುಭವವನ್ನು ಯಾರಿಗೂ ಹೇಳಲಿಲ್ಲ. ಹೇಳಲು ಬಾರದ್ದರಿಂದಲೇ ಹೊಲಿಯಲು ಕೂತೆ.

ಹೊಲಿಯುತ್ತಿದ್ದುದನ್ನು ಒಮ್ಮೆ ಮೇಲಿನ ಮಹಡಿಯ ಆಂಟಿ ನೋಡಿಬಿಟ್ಟರು. "ಚೆನ್ನಾಗಿದೆ ಕಣಮ್ಮಾ. ಟೇಬಲ್ ಮೇಲೆ ಹಾಸೋದಾ, ಕಾಲೊರೆಸೋದಾ?" ಎಂದು ನಿಜವಾದ ಕುತೂಹಲದಿಂದಲೇ ಕೇಳಿದರು. ಅಂದಿನಿಂದ ನಾನದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಕಪಾಟಿನ ತಳದಲ್ಲಿ ಇಡತೊಡಗಿದೆ. ಮನೆಯಲ್ಲಿ ಅಮ್ಮನಿಗೂ ತೋರಿಸಲಿಲ್ಲ.

ಅಮ್ಮ ಕಪಾಟು ಜೋಡಿಸಿದ್ದು ಆ ಬುಧವಾರವೇ. ಗಂಟನ್ನು ಬಿಚ್ಚದೆ ಉಳಿದ ಬಟ್ಟೆಗಳ ಜೊತೆ ಗಾಡಿಗೆ ಕೊಟ್ಟಿದ್ದರು. ಒಳಗಿದ್ದದ್ದು ನನ್ನ ಸಮುದ್ರವೆಂದು ನಾನು ದನಿಯೇರಿಸದೆ, ಆದರೆ ಒಂದೊಂದು ಪದವನ್ನೂ ಮೊಳೆಯಂತೆ ಹೊಡೆದು ಹೇಳಿದಾಗ ಅಮ್ಮ ತಿರುಗಿಬಿದ್ದರು: "ಬೆಡ್‌ಶೀಟಲ್ಲಿ ಸುತ್ತಿಟ್ರೆ ಬೆಡ್‌ಶೀಟ್ ಅಂತ್ಲೇ ಕೊಡ್ತೀನಿ ಕಣೇ! ಒಳಗೆ ಸಮುದ್ರ ಇದೆ ಅಂತ ನಂಗೇನು ಕನಸು ಬೀಳತ್ತಾ?"

ಬಟ್ಟೆಯನ್ನು ಮತ್ತೆ ಗಂಟು ಕಟ್ಟಿಕೊಂಡು ಗಾಡಿಗೆ ಹೋದೆ. ಬೈಯಬೇಕೆಂದೇ ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಮುನಿಯಣ್ಣ ಗೆಲುವಿನಿಂದ, "ಅದೇನ್ ಸುಕ್ಕಮ್ಮ ಅದು! ನೀರ್ ಚಿಮುಕ್ಸಿ ಚಿಮುಕ್ಸಿ ಒತ್ತಿದೀನಿ. ಹಿಂದ್ಗಡೆ ಎಂಥದೋ ದಾರ ಎಳ್ಕೊಂಡಿತ್ತು, ಅದ್ನೂ ಒಂದೊಂದಾಗಿ ಬಿಡಿಸಿದೀನಿ. ಒಂದೇ ಒಂದ್ ಸುಕ್ಕು ತೋರ್ಸಿ, ಈ ಕೆಲಸಾನೇ ಬಿಟ್ಬಿಡ್ತೀನಿ!" ಎಂದರು. ಗಂಟು ಹಾಕದೆ ಬಿಟ್ಟಿದ್ದ ದಾರದ ತುದಿಗಳನ್ನು, ನನ್ನ ಅಲೆಗಳ ಪ್ರಾಣವನ್ನು, ಅವರು ತಾಳ್ಮೆಯಿಂದ ಎಳೆದು ತೆಗೆದಿದ್ದರು. ಒಂದೂ ಎಳೆ ಹರಿದಿರಲಿಲ್ಲ. ನಾನು "ಸರಿ" ಎಂದು ಹೇಳಿ ಬಂದೆ.

ಆ "ಸರಿ"ಯೇ ನನ್ನನ್ನು ಸುಟ್ಟಿತು. ಆಂಟಿಗೆ ಅದು ಏನೆಂದು ಹೇಳಿರಲಿಲ್ಲ, ಅಮ್ಮನಿಗೆ ಹೇಳಿರಲಿಲ್ಲ, ಈಗ ಮುನಿಯಣ್ಣನಿಗೂ ಹೇಳಲಿಲ್ಲ. ಬಾಯಿ ಬಿಡದೆ ಲೋಕವೇ ಅರ್ಥಮಾಡಿಕೊಳ್ಳಲೆಂದು ಕಾಯುವುದೂ ಒಂದು ಅಹಂಕಾರವೇ; ನಾನದಕ್ಕೆ ಸಂಕೋಚವೆಂದು ಒಳ್ಳೆಯ ಹೆಸರಿಟ್ಟುಕೊಂಡಿದ್ದೆ. ಹಾಗೆಂದು ಆ ಮೂವರ ಮೇಲಿನ ಕೋಪವೇನೂ ಇಳಿಯಲಿಲ್ಲ. ನನ್ನ ಮೇಲಿನದೂ ಅದಕ್ಕೆ ಸೇರಿಕೊಂಡಿತು, ಅಷ್ಟೆ.

ಸಂಜೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಒಂದು ಸಂಗತಿ ಕಂಡಿತು. ದಾರ ಹೋಗಿದ್ದರೂ ಸೂಜಿಯ ತೂತುಗಳು ಉಳಿದಿದ್ದವು. ಒಂದೊಂದು ಅಲೆಯೂ ಬೆಳಕಿನ ಚುಕ್ಕಿಗಳ ಸಾಲಾಗಿ, ಎಲ್ಲಿತ್ತೋ ಅಲ್ಲೇ ಇತ್ತು. ಶನಿವಾರಕ್ಕೆ ಎರಡು ಹಗಲು ಬಾಕಿ.

ಮರುದಿನ ಬೆಳಿಗ್ಗೆ ಏಳಕ್ಕೆ ಬಟ್ಟೆಯನ್ನು ಯಾವುದರಲ್ಲೂ ಸುತ್ತದೆ, ಎರಡೂ ತೋಳುಗಳ ಮೇಲೆ ಹರಡಿಕೊಂಡು, ಆಂಟಿಯ ಬಾಲ್ಕನಿಯ ಕೆಳಗೇ ನಡೆದು ಹೊಂಗೆಮರದ ಬಳಿ ಹೋದೆ. ಅಡಿಕೋಲಿನಂಥ ಆ ಗೆರೆ ಇನ್ನೂ ಹಾಗೇ ಇತ್ತು. ಇಸ್ತ್ರಿಯ ಹಲಗೆಯ ಮೇಲೆ ಅದನ್ನು ಹಾಸಿ, ಸೂಜಿಗೆ ದಾರ ಪೋಣಿಸಿ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: "ಮುನಿಯಣ್ಣ, ಇದು ಸಮುದ್ರ. ನೀವು ಬಿಡಿಸಿದ ಸುಕ್ಕೆಲ್ಲ ಮತ್ತೆ ಬೇಕು. ಆ ಕಡೆ ಹಿಡ್ಕೊಳ್ಳಿ."