ಕುಡಿಯದ ಅಣ್ಣ ಕುಡುಕನಾದದ್ದು

ಕಾಲುವೆಗೆ ನೀರು ಬಂದ ಹೊಸತು. ಲಿಂಗಸುಗೂರಿನ ಬಸ್ಸು ಮಸ್ಕಿ ದಾಟುತ್ತಿದ್ದಂತೆ ಅಣ್ಣ ನನ್ನ ಮಡಿಲ ಮೇಲೆಯೇ ಬೊಗಸೆಗಟ್ಟಲೆ ರಕ್ತ ಕಾರಿಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರು ಅವನ ಉಬ್ಬಿದ ಹೊಟ್ಟೆ ಮುಟ್ಟಿ ನೋಡಿ, “ಲಿವರ್ ಪೂರಾ ಕೆಟ್ಟದ, ಅನ್ನನಾಳದಾಗಿನ ನರ ಒಡದದ. ಎಷ್ಟು ವರ್ಷದಿಂದ ಕುಡೀತಾನ?” ಎಂದರು.

“ನಮ್ಮಣ್ಣ ಸೇಂದಿ ಮುಟ್ಟಿದಾವಲ್ರೀ ಸಾಹೇಬ್ರ. ಎರಡು ಸಲ ಕಾಮಣಿ ಆಗಿ ಕಣ್ಣು ಹಳದಿ ಆಗಿದ್ವುರೀ,” ಎಂದೆ. ಅವರು ನಂಬಲಿಲ್ಲ.

ಮಧ್ಯಾಹ್ನಕ್ಕೆ ಅಣ್ಣ ತೀರಿಕೊಂಡ. ಮಣ್ಣಿಗೆ ಬಂದ ಊರವರು, ಅವನನ್ನು ದಿನಾ ಸೇಂದಿ ಅಂಗಡಿಯಲ್ಲಿ ನೋಡುತ್ತಿದ್ದೆವು ಎಂದರು. ಕುಡಿದು ಬಿದ್ದ ನನ್ನನ್ನು ಎತ್ತಿಕೊಂಡು ಹೋಗಲು ಅವನು ಅಲ್ಲಿಗೆ ಬರುತ್ತಿದ್ದ.

ಕುಡುಕನ ಮಗಳು ಬೇಡವೆಂದು ಬೀಗರು ಅಣ್ಣನ ಮಗಳ ನಿಶ್ಚಯ ಮುರಿದರು. ಕುಡುಕ ನಾನು ಎಂದು ಅವರ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ಅತ್ತಿಗೆ ಅಂದಿನಿಂದ ನನ್ನ ಮುಖ ನೋಡಿಲ್ಲ.